ಗೋಳದೊಳಗಿನ ಗಲಗಲ

ಹಳೆಯ ಭೂಗೋಳಗಳನ್ನು ದುರಸ್ತಿ ಮಾಡುವವರಿಗೆ ತಾಳ್ಮೆ ಬೇಕು. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಆ ಕೆಲಸ ಮಾಡುತ್ತಿದ್ದವಳೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ತಾಯಿ ಇಟ್ಟ ‘ಬುಗುರಿ’ ಎಂಬ ಅಡ್ಡಹೆಸರು ಗಂಡನ ಬಾಯಲ್ಲೂ ನಿಂತುಹೋಗಿತ್ತು. ಕಡ್ಡಿಗೆ ಸುತ್ತಿದ ಹತ್ತಿಯನ್ನು, ಆ ಕಸುಬಿನವರ ರೂಢಿಯಂತೆ, ಎಂಜಲಲ್ಲಿ ಒದ್ದೆ ಮಾಡಿ ಗೋಳದ ಸಮುದ್ರಗಳ ಮೇಲಿನ ಕೊಳೆ ಒರೆಸುವಾಗ ಕೈಯೇನೋ ಅಲುಗುತ್ತಿರಲಿಲ್ಲ. ಕಾಲು ಮಾತ್ರ ಮೇಜಿನಡಿ ಕುಣಿಯುತ್ತಲೇ ಇರುತ್ತಿತ್ತು.

ಮುಚ್ಚಿಹೋದ ಶಾಲೆಯೊಂದರಿಂದ ಒಂದು ದೊಡ್ಡ ಗೋಳ ಬಂತು. ಕಾಗದದ ತಿರುಳಿನ ಚಿಪ್ಪು, ಅದರ ಮೇಲೆ ಅಂಟಿಸಿದ ನಕಾಶೆಯ ಪಟ್ಟಿಗಳು, ಕಂದು ತಿರುಗಿದ ವಾರ್ನಿಷ್. ತಲೆಮಾರುಗಳ ಮಕ್ಕಳು ‘ನಾವಿರೋದು ಇಲ್ಲಿ’ ಎಂದು ಬೆರಳೊತ್ತಿ ಒತ್ತಿ ಊರಿದ್ದ ಜಾಗವೇ ಸವೆದು ಬಿಳಿಚಿಕೊಂಡಿತ್ತು. ಅದಕ್ಕೆಲ್ಲ ಅವಳ ಹತ್ತಿರ ಮದ್ದಿತ್ತು. ಆದರೆ ಗೋಳವನ್ನು ಮೆಲ್ಲಗೆ ತಿರುಗಿಸಿದ್ದೇ ತಡ, ಒಳಗೆ ಏನೋ ಗಲಗಲ ಎಂದಿತು.

ಗೋಳ ಒಂದೇ ಕಡೆ ವಾಲದಿರಲೆಂದು ಹಿಂದಿನವರು ಒಳಗೆ ಸೀಸದ ಗುಂಡುಗಳ ಚೀಲ ಅಂಟಿಸುತ್ತಿದ್ದರು. ಆ ಚೀಲ ಹರಿದಿರಬೇಕು.

“ಪ್ರದರ್ಶನದಲ್ಲಿ ಇದು ತಿರುಗಬೇಕಮ್ಮ,” ಎಂದರು ನಿರ್ದೇಶಕರು. “ಸುಮ್ನೆ ನಿಂತಿರೋದನ್ನ ಯಾರು ನೋಡ್ತಾರೆ? ನಡುವೆ ಕೊಯ್ದು ಸರಿಮಾಡಿಬಿಡಿ.”

ಕೊಯ್ದರೆ ನಕಾಶೆ ಹಾಳು. ಕೊಯ್ಯದೆ ತಿರುಗಿಸಿದರೆ ಗುಂಡುಗಳು ಒಳಗಿನಿಂದಲೇ ಚಿಪ್ಪನ್ನು ಜಜ್ಜುತ್ತವೆ. ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನ ಕಿಟಕಿ ಅದುರಿದರೂ ಅದೇ ಸದ್ದು, ಚಮಚದ ಡಬ್ಬಿ ಎತ್ತಿದರೂ ಅದೇ ಸದ್ದು.

“ಊಟ ತಟ್ಟೇಲಿದೆ, ನೀನೆಲ್ಲಿದ್ದೀಯ?” ಎಂದ ಗಂಡ.

“ಒಳಗೇನಾಗಿದೆ ಅಂತ ತಿಳೀದೆ ನಂಗೆ ತುತ್ತು ಇಳೀತಿಲ್ಲ ಕಣ್ರೀ.”

“ಹಂಗಾದ್ರೆ ಎಕ್ಸ್‌ರೇ ತೆಗೆಸು.”

ಅವನು ತಮಾಷೆಗೆ ಅಂದದ್ದು. ಅವಳು ಕೈ ತೊಳೆದು ಎದ್ದೇಬಿಟ್ಟಳು. ಅವನ ತಂಗಿ ಪ್ರಾಣಿಗಳ ಡಾಕ್ಟರು.

ನಿರ್ದೇಶಕರನ್ನು ಕಾಡಿ ಬೇಡಿ ಒಪ್ಪಿಸಿ, ಗೋಳವನ್ನು ಮೆತ್ತೆ ಹಾಸಿದ ಪೆಟ್ಟಿಗೆಯಲ್ಲಿಟ್ಟು, ನಾದಿನಿಯ ಆಸ್ಪತ್ರೆಯಲ್ಲಿ ಕಾಲು ಮುರಿದ ಮೇಕೆಯೊಂದರ ಹಿಂದೆ ಸರದಿಯಲ್ಲಿ ಕಾದಳು.

“ಅತ್ತಿಗೆ, ಪೇಷಂಟ್ ಹೆಸರೇನಂತ ಬರೀಲಿ?” ನಾದಿನಿ ಕೇಳಿದಳು.

“ಭೂಮಿ ಅಂತ ಬರಿ. ಬೇಗ ಮಾಡು ಮಾರಾಯ್ತಿ.”

ಚಿತ್ರದಲ್ಲಿ ಗುಂಡುಗಳು ಸಾಸಿವೆ ಚೆಲ್ಲಿದ ಹಾಗೆ ತಳದಲ್ಲಿ ಬಿದ್ದಿದ್ದವು. ಆದರೆ ನಾದಿನಿಯ ಬೆರಳು ಬೇರೆಡೆ ನಿಂತಿತು. ಗೋಳವನ್ನು ಒಳಗಿನಿಂದ ಹೊತ್ತ ಮರದ ನಡುಗಂಬ ಉದ್ದಕ್ಕೂ ಸೀಳಿಹೋಗಿತ್ತು.

“ಬೆನ್ನುಮೂಳೆನೇ ಹೋಗಿದೆಯಲ್ಲ ಅತ್ತಿಗೆ. ನಾಯಿ ಆಗಿದ್ರೆ ಅಲ್ಲಾಡದೆ ಮಲಗಿಸಿ ಅಂತಿದ್ದೆ.”

ಅವಳು ಆ ಚಿತ್ರವನ್ನು ನೇರ ನಿರ್ದೇಶಕರ ಮುಂದೆ ಹಿಡಿದಳು. “ತಿರುಗಿಸಿದ್ರೆ ಕಂಬ ಮುರಿಯುತ್ತೆ ಸರ್. ಬೇಕಾದ್ರೆ ಬೇರೆಯವರ ಕೈಲಿ ಕೊಯ್ಸಿ, ನಾನಂತೂ ಮಾಡಲ್ಲ.” ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಪಾಪದ್ದು, ನಿಂತಿರಲಿ ಬಿಡಿ,” ಎಂದರು ಕೊನೆಗೆ.

ಗೋಳ ತಿರುಗಬೇಕಿಲ್ಲದ ಮೇಲೆ ಗುಂಡುಗಳನ್ನು ಮತ್ತೆ ಒಳಗೆ ಅಂಟಿಸಬೇಕಿರಲಿಲ್ಲ, ಹೊರತೆಗೆದರೆ ಸಾಕಿತ್ತು. ಧ್ರುವದ ಬಳಿ ಕೀಲು ಕೂರುವ ಸಣ್ಣ ತೂತಿತ್ತು. ಕೀಲು ಬಿಚ್ಚಿ, ಗೋಳವನ್ನು ಕೂಸಿನಂತೆ ತೊಡೆಯ ಮೇಲೆ ಓರೆ ಮಾಡಿ ಹಿಡಿದಳು. ಗುಂಡುಗಳು ಒಂದೊಂದಾಗಿ ಬಟ್ಟಲಿಗೆ ಬಿದ್ದವು. ಕಾಲು ಜೋಮು ಹಿಡಿದರೂ ಕದಲಲಿಲ್ಲ. ಸವೆದ ಜಾಗಕ್ಕೆ ತೆಳುಬಣ್ಣದ ಕಾಗದ ಅಂಟಿಸಿದಳು, ಮಕ್ಕಳ ಬೆರಳಿನ ಗುರುತು ಉಳಿಯಲೆಂದು ಅದರ ಮೇಲೆ ಏನೂ ಬರೆಯಲಿಲ್ಲ.

ಪ್ರದರ್ಶನದ ಮೊದಲ ದಿನ ಗೋಳ ತಿರುಗದ್ದರಿಂದ ಜನರೇ ಅದರ ಸುತ್ತ ತಿರುಗಿದರು. ಯಾರಾದರೂ ಬೆರಳು ಚಾಚಿದರೆ ಅವಳು ಅಲ್ಲಿಗೆ ಓಡುತ್ತಿದ್ದಳು.

“ಇನ್ನಾದ್ರೂ ಒಂದ್ಕಡೆ ಕೂತ್ಕೋ,” ಎಂದ ಗಂಡ.

ಕೂತಳು. ಕೂತಲ್ಲಿಂದಲೇ ಪಕ್ಕದ ಕಪಾಟಿನ ನಕ್ಷತ್ರಗೋಳ ಕಾಣಿಸಿತು. ಅದರ ಒಂದು ಪಟ್ಟಿಯ ಅಂಚು ಎದ್ದುಬರುತ್ತಿತ್ತು. ನಿನ್ನೆ ಹಾಗಿರಲಿಲ್ಲವಲ್ಲ ಎಂದುಕೊಳ್ಳುತ್ತ ಎದ್ದು, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುತ್ತ ಹೊರಟಳು.