ನಾನು ಕಳಿಸದ ಉತ್ತರ

ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಫೋನ್ ನೋಡುತ್ತಿದ್ದೆ. ಮೈಸೂರಿನಿಂದ ಅಕ್ಕನ ಮೆಸೇಜ್ ಬಂದಿತ್ತು. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾ ಕೂತಿದ್ದಾಳಂತೆ. ಏನಂತ ಬರೆಯಲಿ ಎಂದು ಯೋಚಿಸುತ್ತಿರುವಾಗಲೇ ಒಳಕೋಣೆಯಿಂದ ಅಮ್ಮನ ದನಿ ಕೇಳಿಸಿತು.

"ಅವಳಿಗೆ ಅಳಬೇಡ ಅಂತ ಹೇಳು."

ನಾನು ಬಾಯಿಯೇ ತೆರೆದಿರಲಿಲ್ಲ, ನಡುವೆ ಗೋಡೆ ಬೇರೆ. ಹೋಗಿ ನೋಡಿದರೆ ಅಮ್ಮ ಮಂಚದ ಮೇಲೆ ಕಣ್ಣು ಮುಚ್ಚಿ ಒರಗಿದ್ದಳು. ಯಾರಿಗಮ್ಮ ಹೇಳಿದ್ದು ಎಂದೆ. ಯಾರೋ ಅತ್ತ ಹಾಗಾಯ್ತು ಅಂದಳು, ಕಣ್ಣು ತೆರೆಯದೆ. ಹೊರಗೆ ಧೂಳು ಎದ್ದು ನಾವಿರುವ ಸಲ್ವಾದ ರಸ್ತೆಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಆ ಬೆಳಕಿನಲ್ಲಿ ಅಮ್ಮನ ಮುಖ ನನಗೆ ಗುರುತಿಲ್ಲದವರ ಮುಖದಂತೆ ಕಂಡಿತು.

ಅಮ್ಮ ವಿಸಿಟ್ ವೀಸಾದಲ್ಲಿ ಗಲ್ಫಿನ ನಮ್ಮ ಮನೆಗೆ ಬಂದಿದ್ದಳು. ಬಂದ ಎರಡನೇ ವಾರವೇ ಹೊಟ್ಟೆನೋವು ಶುರುವಾಯಿತು. ಫಹಾಹೀಲಿನ ಒಂದು ಕ್ಲಿನಿಕ್‌ನಲ್ಲಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರು ಇಂಗ್ಲಿಷಿನಲ್ಲಿ ಗಡ್ಡೆ ಇದೆ, ಒಳ್ಳೆಯ ಗಡ್ಡೆಯಲ್ಲ, ಬೇಗ ಆಪರೇಷನ್ ಆಗಬೇಕು ಅಂದರು. ಪಕ್ಕದಲ್ಲಿ ಕೂತು ಅವರ ಮುಖ ನೋಡಿ ನಗುತ್ತಿದ್ದ ಅಮ್ಮನಿಗೆ ನಾನು, ಗ್ಯಾಸ್ಟ್ರಿಕ್ ಅಂತೆ, ಎಣ್ಣೆ ಕಮ್ಮಿ ಮಾಡಬೇಕಂತೆ ಎಂದು ಕನ್ನಡದಲ್ಲಿ ಹೇಳಿದೆ. ನಮ್ಮ ಮನೆಗಳಲ್ಲಿ ದೊಡ್ಡ ಕಾಯಿಲೆಯ ಸುದ್ದಿಯನ್ನು ಎಲ್ಲರಿಗೂ ಹೇಳುತ್ತಾರೆ, ಕಾಯಿಲೆ ಬಂದವರೊಬ್ಬರನ್ನು ಬಿಟ್ಟು. ಅಪ್ಪನ ವಿಷಯದಲ್ಲೂ ಹಾಗೇ ಮಾಡಿದ್ದೆವು. ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಹೇಳಿದರಾಯಿತು ಎಂದು ಅಕ್ಕನೂ ನಾನೂ ತೀರ್ಮಾನಿಸಿದೆವು. ಫೋನಿನಲ್ಲಿ ಮಾತಾಡಿದರೆ ಅಮ್ಮನ ಕಿವಿಗೆ ಬೀಳುತ್ತದೆ ಎಂದು ಎಲ್ಲವೂ ಮೆಸೇಜಿನಲ್ಲೇ ನಡೆಯುತ್ತಿತ್ತು.

ಆಮೇಲೆ ಇಂಥ ಸಂಗತಿಗಳು ಒಂದೊಂದೇ ಶುರುವಾದವು. ಎರಡನೇ ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ಶುಗರ್ ಟೆಸ್ಟ್ ಎಂದು ಸುಳ್ಳು ಹೇಳುವುದಾಗಿ ಅಕ್ಕನಿಗೆ ರಾತ್ರಿಯೇ ಬರೆದು ನಾನು ಬೆಳಿಗ್ಗೆ ಎದ್ದರೆ, ಅಮ್ಮ ಆಗಲೇ ಸೀರೆ ಉಟ್ಟು ಕೂತಿದ್ದಳು. ಕಾಫಿ ಇಲ್ಲದೆ ಹಾಸಿಗೆ ಮಡಚದವಳು ಅವತ್ತು ಫಿಲ್ಟರ್ ಮುಟ್ಟಿರಲಿಲ್ಲ. ಇನ್ನೊಂದು ದಿನ ಆಫೀಸಿನಿಂದಲೇ ಅವಳ ವಾಪಸು ಟಿಕೆಟನ್ನು ಮುಂಚಿನ ದಿನಕ್ಕೆ ಬದಲಾಯಿಸಿ, ಅಕ್ಕನಿಗೆ ತಿಳಿಸಿ ಮನೆಗೆ ಬಂದೆ. ಬಾಗಿಲ ಪಕ್ಕದಲ್ಲೇ ಅವಳ ಸೂಟ್‌ಕೇಸ್ ತುಂಬಿ ನಿಂತಿತ್ತು. ಹೊರಡೋ ಹೊತ್ತು ಬಂತೇನೋ ಅನ್ನಿಸ್ತು, ಅದಕ್ಕೇ ತುಂಬಿದೆ ಅಂದಳು. ನನ್ನ ಮಗಳು ಅಜ್ಜಿಗೆ ಮ್ಯಾಜಿಕ್ ಗೊತ್ತು ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡು ಮನೆಯೆಲ್ಲ ಓಡಾಡಿದಳು. ನನಗೆ ನಗು ಬರಲಿಲ್ಲ. ಸಾವು ಹತ್ತಿರವಾದವರಿಗೆ ಏನೇನೋ ಕಾಣುತ್ತದೆ, ಕೇಳಿಸುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆಲ್ಲ ನೆನಪಾಯಿತು.

ಫೋನೂ ವಿಚಿತ್ರವಾಗಿ ಆಡುತ್ತಿತ್ತು. ಅಕ್ಕನ ಮೆಸೇಜುಗಳನ್ನು ನಾನು ತೆರೆಯುವ ಮೊದಲೇ ಅವು ಓದಿದ ಗುರುತಾಗಿರುತ್ತಿದ್ದವು. ಒಂದು ಸಂಜೆ ಹಳೆಯದನ್ನೆಲ್ಲ ಮೇಲಿನಿಂದ ನೋಡುತ್ತಾ ಬಂದೆ. ಅಮ್ಮನಿಗೆ ಭಯ ಆಗಿದೆಯಾ ಎಂದು ಅಕ್ಕ ಕೇಳಿದ್ದಳು. ಅದರ ಕೆಳಗೆ, ನನ್ನ ಕಡೆಯಿಂದ, ಒಂದು ಉತ್ತರ ಹೋಗಿತ್ತು.

"ಇಲ್ಲ. ಅಮ್ಮನಿಗೆ ಭಯ ಇಲ್ಲ."

ನಾನು ಅದನ್ನು ಬರೆದಿರಲಿಲ್ಲ. ಅಕ್ಕನೂ ನಾನೂ ಕನ್ನಡವನ್ನು ಯಾವತ್ತೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು. ಇದು ಕನ್ನಡ ಅಕ್ಷರದಲ್ಲಿತ್ತು. ನನ್ನ ಫೋನಿನಲ್ಲಿ ಕನ್ನಡದ ಕೀಬೋರ್ಡೇ ಇಲ್ಲ. ಅಕ್ಕನನ್ನು ಕೇಳಿದರೆ, ನೀನೇ ತಾನೇ ಕಳಿಸಿದ್ದು, ಅದನ್ನು ಓದಿದ ಮೇಲೇ ನನಗೆ ನಿದ್ದೆ ಬಂದದ್ದು ಎಂದು ಬರೆದಳು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ದೂರ ಸರಿದು ಕೂತೆ. ಅದನ್ನು ಮತ್ತೆ ಮುಟ್ಟಲು ನಿಜವಾಗಿ ಹೆದರಿಕೆಯಾಯಿತು.

ಈಗ ಹೇಳಿಕೊಳ್ಳಲು ನಾಚಿಕೆ. ನನ್ನ ಕೆಲಸವೇ ಆಫೀಸಿನವರ ಫೋನು, ಕಂಪ್ಯೂಟರು ಕೆಟ್ಟಾಗ ಸರಿಮಾಡುವುದು. ದಿನಕ್ಕೆ ಹತ್ತು ಜನ ಬಂದು ಯಲ್ಲಾ ಯಲ್ಲಾ, ಬೇಗ ಬೇಗ ಎಂದು ತಲೆಯ ಮೇಲೆ ನಿಲ್ಲುತ್ತಾರೆ. ಪ್ರತಿಯೊಬ್ಬರಿಗೂ ನನ್ನ ಮೊದಲ ಪ್ರಶ್ನೆ, ಇದೇ ಅಕೌಂಟು ಬೇರೆ ಯಾವುದರಲ್ಲಿದೆ ಎಂದು. ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಅಪ್‌ಡೇಟ್ ಹಾಕಿದೆ. ಯಾರೋ ಒಳಹೊಕ್ಕಿದ್ದಾರೆ ಎಂದುಕೊಂಡು ಕೊನೆಗೆ ಪಾಸ್‌ವರ್ಡ್ ಬದಲಾಯಿಸಿದೆ.

ಹತ್ತು ನಿಮಿಷವೂ ಆಗಿರಲಿಲ್ಲ, ಅಮ್ಮ ಟ್ಯಾಬ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

"ಇದು ಏನೋ ಪಾಸ್‌ವರ್ಡ್ ಕೇಳ್ತಿದೆ ಕಣೆ."

ಮಗಳ ಆನ್‌ಲೈನ್ ಕ್ಲಾಸಿಗೆಂದು ತಂದ ಟ್ಯಾಬ್ ಅದು. ಮನೆಮಂದಿಗೆಲ್ಲ ಒಂದೇ ಅಕೌಂಟ್ ಸಾಕು ಎಂದು ಆಗ ನನ್ನದನ್ನೇ ಹಾಕಿದ್ದೆ. ಭಜನೆ ಕೇಳಲಿ, ಸೀರಿಯಲ್ ನೋಡಲಿ ಎಂದು ಅಮ್ಮ ಬಂದ ದಿನವೇ ಅದನ್ನು ಅವಳ ಕೈಗೆ ಕೊಟ್ಟಿದ್ದೆ. ಹುಡುಕಲು ಸುಲಭವಾಗಲಿ ಎಂದು ಕನ್ನಡದ ಕೀಬೋರ್ಡ್ ಹಾಕಿಕೊಟ್ಟವಳೂ ನಾನೇ. ನನ್ನ ಫೋನಿಗೆ ಬಂದದ್ದು, ನಾನು ಕಳಿಸಿದ್ದು, ಎಲ್ಲವೂ ಅವಳ ಮಡಿಲಲ್ಲೂ ಬೀಳುತ್ತಿತ್ತು. ಗಡ್ಡೆಯ ಅಳತೆ, ಡಾಕ್ಟರು ಕೊಟ್ಟ ಭರವಸೆ ಎಷ್ಟು ಕಡಿಮೆ ಅನ್ನುವುದು, ಅಮ್ಮನಿಗೆ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ನಾನು ಬರೆದದ್ದು. ಅದನ್ನೆಲ್ಲ ಅವಳು ಆ ಕೋಣೆಯಲ್ಲಿ ಒಬ್ಬಳೇ ಕೂತು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದ್ದಳು.

"ಯಾಕಮ್ಮ ಕೇಳ್ಲಿಲ್ಲ ನನ್ನ?" ಅಂದೆ.

ಅವಳು ಟ್ಯಾಬನ್ನು ನನ್ನ ಮುಂದೆ ಇಟ್ಟಳು. "ಕೇಳಿದ್ರೆ ನೀನು ಮತ್ತೆ ಗ್ಯಾಸ್ಟ್ರಿಕ್ ಅಂತಿದ್ದೆ. ಪಾಸ್‌ವರ್ಡ್ ಹಾಕ್ಕೊಡು. ನೀವಿಬ್ರೂ ನಿಜ ಹೇಳ್ತಿದ್ದಿದ್ದು ಇದರಲ್ಲಿ ಮಾತ್ರ."

ನನಗೆ ಅಳು ತಡೆಯಲಾಗಲಿಲ್ಲ. ಟ್ಯಾಬ್ ಆಫ್ ಮಾಡಿ, ಅವಳ ಕೈ ಹಿಡಿದು ಮಂಚದ ಮೇಲೆ ಕೂರಿಸಿ, ಮೊದಲ ಸ್ಕ್ಯಾನಿನಿಂದ ಹೇಳಲು ಶುರುಮಾಡಿದೆ. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಒಂದೂ ಇರಲಿಲ್ಲ. ಆದರೂ ಮೊದಲ ಸಲ ಕೇಳುವವಳ ಹಾಗೆ ನಡುವೆ ಮಾತಾಡದೆ ಕೊನೆಯವರೆಗೂ ಕೇಳಿದಳು.