ಸುಡದ ಬತ್ತಿ

ಹೋದ ವಾರ ನಮ್ಮ ಹಿಂದಿನ ಬೀದಿಯ ಹಳೆಯ ಶೆಡ್ಡನ್ನು ಒಡೆದರು. ಮೇಲಿನ ಸಿಮೆಂಟ್ ಶೀಟುಗಳನ್ನು ಬಿಚ್ಚಿ ಇಳಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಸುತ್ತಿಗೆಯಿಂದ ಬಡಿದು ಬೀಳಿಸಿದರು. ಒಂದು ಚೂರು ನಮ್ಮ ಕಾಂಪೌಂಡಿನೊಳಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ಬಿತ್ತು. ಎತ್ತಿ ಹಾಕೋಣವೆಂದು ಬಗ್ಗಿದೆ. ಮುರಿದ ಅಂಚಿನಲ್ಲಿ ಬಿಳಿಯ ಎಳೆಗಳು ಕಂಡವು. ಮುದುಕಿಯ ಗದ್ದದ ಕೂದಲಿನ ಹಾಗೆ ಸಣ್ಣಗೆ, ಗಾಳಿಗೆ ಅಲುಗುತ್ತಾ...

ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಒಂದು ಬಕೆಟ್ ನೀರು ತಂದು ಅದರ ಮೇಲೆ ಸುರಿದು, ಕಿಟಕಿಗಳನ್ನೆಲ್ಲ ಮುಚ್ಚಿ ಒಳಗೆ ಬಂದು ಕೂತೆ. "ಅಜ್ಜಿ ಕಲ್ಲಿಗೆ ಸ್ನಾನ ಮಾಡಿಸ್ತಿದಾರೆ ನೋಡೋ" ಎಂದು ಮೊಮ್ಮಕ್ಕಳು ನೀವು ನಕ್ಕಿರಿ. ಯಾಕೆ ಹಾಗೆ ಮಾಡಿದೆ ಎಂದು ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ಬರೆದರೆ ಆದೀತು ಎಂದು ಕೂತಿದ್ದೇನೆ.

ಮತ್ತಿಕೆರೆಯ ಈ ಮನೆಯ ಎದುರಿಗೆ, ಈಗ ಹುಡುಗರ ಪಿ.ಜಿ. ಇರುವ ಜಾಗದಲ್ಲಿ, ಆಗ ಒಂದು ಹೆಂಚಿನ ಮನೆ ಇತ್ತು. ಅಲ್ಲಿ ಬಾಗಲಕೋಟೆ ಕಡೆಯ ಗಂಡಹೆಂಡತಿ ಇದ್ದರು. ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರ ಯಜಮಾನರಿಗೆ ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ, ಬಾಯ್ಲರ್ ಹತ್ತಿರ ಕೆಲಸ. ಬಿಸಿ ಹೊರಗೆ ಹೋಗದಂತೆ ಕೊಳವೆಗಳಿಗೆ ಸುತ್ತುವ ಒಂದು ಬಿಳಿ ಹಗ್ಗ ಅಲ್ಲಿ ಇರುತ್ತಿತ್ತು. ಮಿಕ್ಕ ತುಂಡುಗಳನ್ನು ಅವರು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದರು. ಅವರ ಖಾಕಿ ಬಟ್ಟೆಯನ್ನು ಅಕ್ಕ ದಿನಾ ಹಿತ್ತಿಲಲ್ಲಿ ಕೊಡವಿಯೇ ಒಗೆಯುತ್ತಿದ್ದದ್ದು.

ನಾನು ಮದುವೆಯಾಗಿ ಬಂದ ಹೊಸತು. ಯಾರ ಜೊತೆಗೂ ಮಾತು ಹೊರಡುತ್ತಿರಲಿಲ್ಲ. ಅಕ್ಕನ ನಡುಮನೆಯಲ್ಲಿ ಮಾತ್ರ ಸುಮ್ಮನೆ ಕೂತಿರಬಹುದಾಗಿತ್ತು. ಅವರು ಆ ಹಗ್ಗವನ್ನು ಉಗುರಿನಿಂದ ಬಿಡಿಸಿ, ಹತ್ತಿಯ ಹಾಗೆ ಹಿಂಜಿ, ಮೊಣಕಾಲಿನ ಮೇಲೆ ಹೊಸೆದು ದೀಪದ ಬತ್ತಿ ಮಾಡುತ್ತಿದ್ದರು. ಹೆಂಚಿನ ನಡುವಿನ ಗಾಜಿನಿಂದ ಮಧ್ಯಾಹ್ನದ ಬಿಸಿಲು ಕೋಲಿನಂತೆ ಇಳಿಯುತ್ತಿತ್ತು. ಅದರಲ್ಲಿ ಸಣ್ಣ ಎಳೆಗಳು ತೇಲುತ್ತಿದ್ದವು. ಎಷ್ಟು ಹೊತ್ತಾದರೂ ಕೆಳಗೆ ಬೀಳುತ್ತಿರಲಿಲ್ಲ... ನಾನು ಅದನ್ನೇ ನೋಡುತ್ತಾ ಕೂರುತ್ತಿದ್ದೆ.

ಆ ಬತ್ತಿಯನ್ನು ಹಚ್ಚಿದರೆ ಎಣ್ಣೆ ಉರಿಯುತ್ತಿತ್ತು, ಬತ್ತಿ ಉರಿಯುತ್ತಿರಲಿಲ್ಲ. ಮಸಿ ಹಿಡಿದು ಕಪ್ಪಾದರೆ ಅಕ್ಕ ಅದನ್ನು ಒಲೆಯ ಕೆಂಡದೊಳಗೆ ಹಾಕುತ್ತಿದ್ದರು. ಅದು ಕೆಂಪಗೆ ಹೊಳೆಯುತ್ತಿತ್ತು. ಹೊರಗೆ ತೆಗೆದು ಆರಿಸಿದರೆ ಒಗೆದು ಹಿಂಡಿದ ಹಾಗೆ ಬೆಳ್ಳಗೆ.

ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೋದ ಹೆಂಗಸರಿಗೆಲ್ಲ ಅಕ್ಕ ಎಲೆ ಅಡಿಕೆಯ ಜೊತೆ ಒಂದೊಂದು ಬತ್ತಿ ಇಟ್ಟು ಕೊಡುತ್ತಿದ್ದರು.

"ನಿಮ್ಮ ಯಜಮಾನ್ರು ಹೋಗೋದು ಫ್ಯಾಕ್ಟ್ರಿಗೋ ಕೈಲಾಸಕ್ಕೋ, ನಿಜ ಹೇಳ್ರೀ" ಎಂದು ಮೂಲೆಮನೆಯಾಕೆ ಕೇಳಿದರೆ ಎಲ್ಲರೂ ನಗುತ್ತಿದ್ದರು. ನಕ್ಕರೂ ಬತ್ತಿಯನ್ನು ಕಣ್ಣಿಗೊತ್ತಿಕೊಂಡೇ ಒಯ್ಯುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು. ಮೂಲೆಮನೆಯಾಕೆಗೆ ಮೊಮ್ಮಗ ಹುಟ್ಟಿದಾಗ ಆಕೆ ಒಂದು ಹಿಡಿ ನಾರನ್ನೇ ಕೇಳಿ ತೆಗೆದುಕೊಂಡು ಹೋಗಿ, ಹತ್ತಿಯ ಜೊತೆ ಸೇರಿಸಿ ಕೂಸಿಗೆ ಪುಟ್ಟ ದಿಂಬು ಹೊಲಿದರು. ಬೆಂಕಿಯೇ ಮುಟ್ಟದ್ದನ್ನು ಕೆಟ್ಟ ಕಣ್ಣು ಮುಟ್ಟೀತೇ ಎಂಬುದು ಆಕೆಯ ಲೆಕ್ಕ.

ಆ ಹೊತ್ತಿಗಾಗಲೇ ಅಕ್ಕನ ಯಜಮಾನರು ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದರು. ಬೀಡಿ ಸೇದಿ ಹೋದರು ಎಂದರು ಜನ. ಆಮೇಲೆ ಅಕ್ಕನಿಗೆ ಉಸಿರು ಕಟ್ಟತೊಡಗಿತು. ಅವರು ಬೀಡಿ ಸೇದಿದವರಲ್ಲ. ಹತ್ತಿರ ಕೂತರೆ ಅವರ ಬೆನ್ನೊಳಗೆ ಯಾರೋ ಒಣ ತರಗೆಲೆ ತುಳಿಯುತ್ತಿರುವ ಹಾಗೆ ಸದ್ದು ಕೇಳುತ್ತಿತ್ತು.

ಎದೆಯ ಡಾಕ್ಟರು ಅವರ ಕೆಲಸವೇನೆಂದು ಕೇಳಿದರಂತೆ. ಮನೆಗೆಲಸ ಎಂದರಂತೆ ಅಕ್ಕ. ಯಜಮಾನರು ಎಲ್ಲಿದ್ದರು, ಮನೆಗೆ ಏನಾದರೂ ತರುತ್ತಿದ್ದರೇ ಎಂದು ಡಾಕ್ಟರು ಬಿಡದೆ ಕೇಳಿದರಂತೆ. ಆಸ್ಪತ್ರೆಯಿಂದ ಬಂದವರು ತಮ್ಮ ಮನೆಗೆ ಹೋಗದೆ ನೇರವಾಗಿ ನಮ್ಮ ಮೆಟ್ಟಿಲ ಮೇಲೆ ಕೂತರು.

"ಅದು ಹತ್ತಿ ಅಲ್ಲಂತ ತಂಗೀ. ಕಲ್ಲಂತ. ಕಲ್ನಾರು ಅಂತಾರಂತ. ಎದಿಯಾಗ ಹೊಕ್ಕಿದ್ದು ಹೊರಗ ಬರೂದಿಲ್ಲಂತ."

"ಔಷಧಿ ಕೊಟ್ರಾ ಅಕ್ಕ?"

"ಉಸಿರಿಗೆ ಒಂದೀಟು ಕೊಟ್ಟಾರ. ಅದನ್ನ ತಗಿಯೂ ಔಷಧ ಇಲ್ಲಂತ. ನನ್ನದಿರಲಿ ಬಿಡು. ಮಂದಿ ಮನಿಗೆಲ್ಲಾ ಕೊಟ್ಟೀನಲ್ಲ... ಕೂಸಿನ ತಲಿ ಬುಡಕ ಇಟ್ಟಾರಲ್ಲ! ನಾ ಇರೂದ್ರಾಗ ಅಷ್ಟೂ ತಿರುಗಿ ಬರಬೇಕು."

ಮರುದಿನದಿಂದ ಅಕ್ಕ ಮನೆ ಮನೆಗೆ ಹೊರಟರು. ಹಗಲು ಹೋದರೆ ಬತ್ತಿ ಎಲ್ಲಿದೆಯೋ ಕಾಣೆ ಎನ್ನುತ್ತಾರೆ, ದೀಪ ಹಚ್ಚುವಾಗ ಹೋದರೆ ಕಣ್ಣೆದುರಿಗೇ ಇರುತ್ತದೆ ಎಂದು ಮುಸ್ಸಂಜೆಗೆ ಹೋಗುತ್ತಿದ್ದರು. ಗಂಡ ಸತ್ತವರು, ದೀಪ ಹಚ್ಚುವ ಹೊತ್ತು, ಕುಂಕುಮದ ಜೊತೆ ಕೊಟ್ಟದ್ದನ್ನು ವಾಪಸು ಕೇಳುವುದು. ಬೀದಿಗೆ ಬೀದಿಯೇ ಹೆದರಿತು.

"ತಮ್ಮನೆ ದೀಪ ಆರಿದ್ಮೇಲೆ ನಮ್ಮನೆ ದೀಪದ್ ಮೇಲೆ ಕಣ್ಣು ಕಣ್ರೀ" ಎಂದು ನಲ್ಲಿಯ ಹತ್ತಿರ ಮೂಲೆಮನೆಯಾಕೆ ಅನ್ನುತ್ತಿದ್ದದ್ದು ನನ್ನ ಕಿವಿಗೇ ಬಿತ್ತು.

ಸಂಜೆಯಾಯಿತೆಂದರೆ ಮೊದಲು ಆ ತರಗೆಲೆಯ ಸದ್ದು ಬರುತ್ತಿತ್ತು, ಆಮೇಲೆ ಅಕ್ಕ. ಆಡುತ್ತಿದ್ದ ಮಕ್ಕಳು ಒಳಗೆ ಓಡುತ್ತಿದ್ದರು. ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಿದ್ದವು. ಒಳಗೆಲ್ಲ ದೀಪ ಉರಿಯುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಹೊರಗೆ ಅಕ್ಕ ಒಬ್ಬರೇ ಗೋಡೆ ಹಿಡಿದು ನಿಂತಿರುತ್ತಿದ್ದರು.

ನನಗೆ ತೋಚಿದ್ದು ಇಷ್ಟೇ. ವಾಪಸು ಕೇಳಿದರೆ ಅಪಶಕುನ. ಒಂದು ಕೊಟ್ಟು ಒಂದು ಪಡೆದರೆ ಅಲ್ಲ. ಒಳ್ಳೆಯ ಹತ್ತಿ ತಂದು ಬತ್ತಿ ಹೊಸೆದೆ. ಆಗ ನಿಮ್ಮ ತಾತ ಇದ್ದರು, ನನ್ನ ಹಣೆಯಲ್ಲಿ ಕುಂಕುಮ ಇತ್ತು. ಅಕ್ಕನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ನಾನು ಬಾಗಿಲು ತಟ್ಟಿದೆ. "ಹೊಸ ಬತ್ತಿ ತಂದಿದೀನಿ, ಹಳೇದು ಕೊಡಿ" ಎನ್ನುವುದೊಂದನ್ನೇ ಪ್ರತಿ ಮನೆಯಲ್ಲೂ ಹೇಳಿದೆ. ಕೊಟ್ಟರು. ಡಾಕ್ಟರು ಹೇಳಿದಂತೆ ಮೊದಲು ನೀರು ಚಿಮುಕಿಸಿ, ಎಳೆ ಹಾರದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆವು.

ಕೊನೆಗೆ ಮೂಲೆಮನೆ. ಬತ್ತಿ ಕೊಟ್ಟರು, ದಿಂಬು ಕೊಡಲಿಲ್ಲ.

"ಮಗು ಆ ದಿಂಬಿಲ್ದೆ ಮಲಗಲ್ಲ. ದೇವರಂಥ ವಸ್ತು ಅಂತ ಕೊಟ್ಟೋರೂ ನೀವೇ, ವಿಷ ಅನ್ನೋರೂ ನೀವೇನಾ? ಹೋಗಿ ಹೋಗಿ, ಮಗು ಎದ್ಬಿಡತ್ತೆ."

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ, ಉಸಿರೊಂದೇ ಬಂತು. ಹೊಸ್ತಿಲ ಹೊರಗೆ ಕುಸಿದು ಕೂತರು. ಕತ್ತಲಾಗುತ್ತಿತ್ತು. ಬೀದಿಯಲ್ಲಿ ಬೇರೆ ಸದ್ದೇ ಇರಲಿಲ್ಲ, ಆ ತರಗೆಲೆಗಳದ್ದೊಂದೇ... ಎಳೆದುಕೊಂಡಷ್ಟೂ ಸಾಲದ ಹಾಗೆ, ಮತ್ತೆ, ಮತ್ತೆ. ನಾನು ಅವರ ಬೆನ್ನ ಮೇಲೆ ಕೈಯಿಟ್ಟಿದ್ದೆ. ಅಂಗೈಗೂ ತಾಕುತ್ತಿತ್ತು.

ಒಳಗಿನಿಂದ ಆ ಮನೆಯ ಸೊಸೆ ಬಂದಳು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಈ ಸದ್ದು... ಅದರಿಂದ್ಲೇನಾ ಅಕ್ಕ?"

ಅಕ್ಕ ಹೌದೆಂದು ತಲೆಯಾಡಿಸಿದರು. ಸೊಸೆ ಒಳಗೆ ಹೋಗಿ ದಿಂಬನ್ನು ಮೈಯಿಂದ ದೂರ ಹಿಡಿದು ತಂದಳು.

"ಏಯ್, ಯಾರನ್ ಕೇಳಿ ಕೊಡ್ತಿದೀಯ?" ಎಂದರು ಅತ್ತೆ.

"ಮಗು ನಂದು ಅತ್ತೆ" ಎಂದಳು. ಕವರಿಗೆ ಹಾಕಿದಳು. ಕೂಸು ಎಚ್ಚರವಾಗಿ ಅಳತೊಡಗಿತು. ಆ ಅಳುವಿನಲ್ಲಿ ಎಂಥ ತುಂಬು ಉಸಿರಿತ್ತು ಎಂದು ಅಕ್ಕ ಆಮೇಲೆ ಎಷ್ಟೋ ಸಲ ಹೇಳಿದರು.

ಆ ಗಂಟನ್ನು ಒದ್ದೆ ಮಾಡಿ, ಕವರಿನ ಮೇಲೆ ಕವರು ಸುತ್ತಿ, ಡಾಕ್ಟರು ಹೇಳಿದ ಕಡೆಗೆ ನಿಮ್ಮ ತಾತ ತಲುಪಿಸಿ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕ ಹೋದರು. ಬೆಂಕಿ ಅವರನ್ನು ಸುಟ್ಟಿತು. ಎದೆಯೊಳಗೆ ಇದ್ದದ್ದನ್ನು ಸುಟ್ಟಿರಲಾರದು... ಈ ಯೋಚನೆಯನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಹೋದ ವಾರ ಸಿಮೆಂಟ್ ಶೀಟಿನ ಚೂರಿನಲ್ಲಿ ನಾನು ಕಂಡದ್ದೂ ಅದೇ ಕಲ್ನಾರು. ಆ ಎಳೆಗಳು ಎದೆಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುತ್ತವಂತೆ. ಅಕ್ಕನ ನಡುಮನೆಯ ಗಾಳಿಯನ್ನು ನಾನೂ ಉಸಿರಾಡಿದವಳು. ನನಗೇನೂ ಆಗಿಲ್ಲ, ಇಲ್ಲಿಯವರೆಗೆ. ಮೂಲೆಮನೆಯ ಕೂಸು ಈಗ ಮೀಸೆ ಬಂದ ಹುಡುಗ. ಎದುರು ಸಿಕ್ಕಾಗ ಅವನ ಮುಖಕ್ಕಿಂತ ಮೊದಲು ಅವನ ಉಸಿರನ್ನು ಕೇಳಿಸಿಕೊಳ್ಳುತ್ತೇನೆ.

ಒಂದು ಬತ್ತಿ ಮಾತ್ರ ಬರಲಿಲ್ಲ. ಅಕ್ಕನಿಗೆ ಕಾಯಿಲೆ ಗೊತ್ತಾಗುವ ಮೊದಲೇ ನಮ್ಮ ಸಾಲಿನ ಒಂದು ಸಂಸಾರ ಮನೆ ಖಾಲಿ ಮಾಡಿ ಅಮೃತಹಳ್ಳಿಗೆ ಹೋಗಿತ್ತು. ಹುಡುಕಿಕೊಂಡು ಹೋದೆವು, ಅಲ್ಲಿಂದಲೂ ಹೋಗಿಯಾಗಿತ್ತು, ಎಲ್ಲಿಗೆಂದು ಯಾರಿಗೂ ತಿಳಿಯದು. "ಅವರದೊಂದು ಉಳೀತಲ್ಲ ತಂಗೀ" ಎಂಬುದೇ ಅಕ್ಕ ನನ್ನ ಜೊತೆ ಆಡಿದ ಕೊನೆಯ ಮಾತು. ಯಾವುದೋ ಮನೆಯಲ್ಲಿ ಇವತ್ತು ಸಂಜೆಯೂ ಅದನ್ನು ಯಾರೋ ಬೆರಳಿನಿಂದ ಮೀಟಿ, ಎಣ್ಣೆ ಹಾಕಿ, ಹಚ್ಚುತ್ತಿರಬಹುದು. ಬತ್ತಿ ಒಂದಿಷ್ಟೂ ಸವೆಯದೆ ಉರಿಯುತ್ತಿರುತ್ತದೆ. ಬಾಗಿಲಿಗೆ ಬಂದು ಕೊಡಿ ಎಂದು ಕೇಳಲು ಅಕ್ಕ ಇಲ್ಲ.