ಹಾರ್ಮೋನಿಯಂ ಬಿಟ್ಟ ಉಸಿರು

ಸೂರತ್‌ನ ಅಡಾಜಣ್‌ನಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಮೀನು ಬೇಯಿಸಿದವರು ಮನೆ ಖಾಲಿ ಮಾಡಬೇಕಿತ್ತು. ಎರಡು ವರ್ಷದಲ್ಲಿ ಅದು ನಮ್ಮ ಮೂರನೇ ಬಾಡಿಗೆ ಮನೆ; ಮತ್ತೆ ಸಾಮಾನು ಕಟ್ಟುವ ತ್ರಾಣ ನನಗಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಹಾರ್ಮೋನಿಯಂ ತಂದ ಸಂಜೆಯೇ, ಕೆಳಗೆ ಎಸ್‌ಟಿಡಿ ಬೂತ್ ಇಟ್ಟಿದ್ದ ಸೆಕ್ರೆಟರಿ ಕಾಂತಿಭಾಯ್ ಮೂಗು ಮುಚ್ಚಿಕೊಂಡು ಬಂದರು.

"ಅಣ್ಣಾ, ಮೀನಾ?"

"ಅಲ್ಲ ಕಾಂತಿಭಾಯ್, ಹಾರ್ಮೋನಿಯಂ."

"ನನ್ನನ್ನೇನು ಮಗು ಅಂದ್ಕೊಂಡ್ರಾ?"

ಮೀನಿನ ವಾಸನೆ ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಕೆಟ್ಟ ವಾಸನೆಯೆಲ್ಲ ಅವರಿಗೆ ಮೀನೇ. ಅವರನ್ನು ಕೂರಿಸಿ ತಿದಿ ಒತ್ತಿದೆ. ಮೊದಲ ಸ್ವರ ಹೊರಡುವಷ್ಟರಲ್ಲಿ ಅವರು ಬಾಲ್ಕನಿಯಲ್ಲಿದ್ದರು.

ಬಿಚ್ಚಿದರೆ ತಿದಿಯೊಳಗೆ ಸತ್ತ ಇಲಿ. ಅದನ್ನು ತೆಗೆದು, ಒಳಗೆಲ್ಲ ಬ್ರಷ್ ಆಡಿಸಿ, ಕಾಫಿಪುಡಿಯ ಗಂಟು ಇಟ್ಟು, ಒಂದು ವಾರ ನೆರಳಿನಲ್ಲಿ ಗಾಳಿಗೆ ಬಿಟ್ಟೆ. ವಾಸನೆ ಪೂರ್ತಿ ಹೋಯಿತು.

ಅದನ್ನು ಮಾತ್ರ ಕಾಂತಿಭಾಯ್‌ಗೆ ನಾನು ತಿಳಿಸಲಿಲ್ಲ. ಊರಿಂದ ಅಮ್ಮ ಒಣಮೀನು ಕಳಿಸಿದಾಗಲೆಲ್ಲ ಹೆಂಡತಿ ಬಾಣಲೆ ಇಡುತ್ತಿದ್ದಳು, ನಾನು ಹಾರ್ಮೋನಿಯಂ ಮುಂದೆ ಕೂರುತ್ತಿದ್ದೆ. "ಅಣ್ಣಾ, ಇವತ್ತಿಗೆ ಸಂಗೀತ ಸಾಕು!" ಎಂದು ಕೆಳಗಿನಿಂದ ಕೂಗು ಬರುತ್ತಿತ್ತು. ಮೀನು ಎರಡೂ ಬದಿ ಬೇಯುವ ತನಕ ನಾನು ನಿಲ್ಲಿಸುತ್ತಿರಲಿಲ್ಲ.